ಸಿಂಬಳದ ಹುಳುವೂ ಅದರ ಕಡಲ ನೆಂಟರೂ

ತುಲಾ ತಿಂಗಳ ಮಳೆ ನಿಲ್ಲದೆ ಎಳೆದುಕೊಂಡು ಹೋದ ವರ್ಷಗಳಲ್ಲಿ ನಮ್ಮ ಅಡಿಕೆ ತೋಟಗಳಲ್ಲಿ ಒಬ್ಬ ಕಳ್ಳನ ಓಡಾಟ ಹೆಚ್ಚುತ್ತದೆ. ಓಡಾಟ ಎಂದರೆ ತಪ್ಪಾದೀತು, ತೆವಳಾಟ ಎನ್ನಬೇಕು. ಹಗಲಿಡೀ ಬಿದ್ದ ಸೋಗೆಯ ಅಡಿಯಲ್ಲೋ ಹಾಳೆಯ ಸಂದಿನಲ್ಲೋ ಮಲಗಿರುತ್ತದೆ. ಕತ್ತಲಾದ ಮೇಲೆ ಮರ ಹತ್ತುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಕಾಂಡದುದ್ದಕ್ಕೂ ಬೆಳ್ಳಿಯ ಸರಿಗೆ ಎಳೆದಂತೆ ಒಣಗಿದ ಗೆರೆ. ಮೇಲೆ, ಆಗಷ್ಟೇ ಬಿರಿದ ಹಿಂಗಾರ ಕೆರೆದುಹೋಗಿರುತ್ತದೆ. ಇದೇ ಸಿಂಬಳದ ಹುಳು. ಚಿಪ್ಪು ಕಳೆದುಕೊಂಡ ಬಸವನಹುಳು ಎಂದರೂ ಸರಿಯೇ. ಹಿಂಗಾರಕ್ಕೆ ಏರುವ ಜಾತಿಗೆ ವಿಜ್ಞಾನಿಗಳು ಮಾರಿಯೆಲ್ಲಾ ಡುಸ್ಸುಮಿಯೇರಿ ಎಂದು ಉದ್ದದ ಹೆಸರಿಟ್ಟಿದ್ದಾರೆ. ಹುಳುವೇ ಹೆಸರಿಗಿಂತ ಗಿಡ್ಡ!

ಇಪ್ಪತ್ತೆರಡು ವರ್ಷಗಳ ಹಿಂದೆ ಎಂಟನೇ ತರಗತಿಯ ಹುಡುಗನೊಬ್ಬ ಇಂಥದ್ದೊಂದನ್ನು ತೆಂಗಿನ ಗೆರಟೆಯಲ್ಲಿ ಹಾಕಿ ಶಾಲೆಗೆ ತಂದಿದ್ದ. ಸುಳ್ಯದಿಂದ ಎಷ್ಟೋ ಒಳಗೆ, ಕಾಡಂಚಿನಲ್ಲಿ ಅವನ ಮನೆ. ಪಾಠ ಮುಗಿಯಲು ಎರಡು ನಿಮಿಷವಿತ್ತು.

“ಸರ್, ಇದಕ್ಕೆ ಹಲ್ಲೇ ಕಾಣುವುದಿಲ್ಲ. ಮತ್ತೆ ಹಿಂಗಾರ ತಿನ್ನುವುದು ಹೇಗೆ?”

ನನಗೆ ಗೊತ್ತಿರಲಿಲ್ಲ. ಆದರೆ ಬಿಎಸ್ಸಿ, ಬಿಎಡ್ ಮಾಡಿದ ಮೇಷ್ಟ್ರು ನಲವತ್ತು ಮಕ್ಕಳ ಎದುರು ಗೊತ್ತಿಲ್ಲ ಎನ್ನುವುದು ಹೇಗೆ? “ಅದು ತಿನ್ನುವುದಲ್ಲ ಮಾರಾಯ, ರಸ ಹೀರುವುದು. ಸೊಳ್ಳೆ ರಕ್ತ ಹೀರಿದ ಹಾಗೆ” ಎಂದುಬಿಟ್ಟೆ. ಗಂಟೆ ಹೊಡೆಯಿತು. ನಾನೂ ಮರೆತೆ.

ಹುಡುಗ ಮರೆಯಲಿಲ್ಲ. ಮನೆಗೆ ಹೋಗಿ ತಂದೆಗೆ ಹೇಳಿದ. ಮೇಷ್ಟ್ರ ಮಾತೆಂದ ಮೇಲೆ ಕೇಳಬೇಕೆ? ರಸ ಹೀರುವ ಹುಳಕ್ಕೆ ಎಂದು ಕೇಳಿ ಅವರು ಕೀಟನಾಶಕ ತಂದರು. ಗಿಡದ ರಸದೊಳಗೆ ಸೇರಿಕೊಂಡು, ಹೀರಿದ ಕೀಟವನ್ನು ಕೊಲ್ಲುವಂಥ ಔಷಧಿ. ಅದನ್ನು ಹಿಂಗಾರಕ್ಕೆ ಸಿಂಪಡಿಸಿದರು. ಎರಡು ವಾರ ಕಳೆದು ಜಗಲಿಯಲ್ಲಿ ಸಿಕ್ಕಿದ ಹುಡುಗ ಹೇಳಿದ: “ಸರ್, ಹುಳು ಸಾಯಲಿಲ್ಲ. ಜೇನು ಸತ್ತಿತು.”

ಅವನ ಮನೆಯಲ್ಲಿ ಎರಡು ಪೆಟ್ಟಿಗೆ ಜೇನು ಇತ್ತು. ಅಡಿಕೆ ಹೂವಿನ ಪರಾಗಕ್ಕೆ ಜೇನುನೊಣ ಬಂದೇ ಬರುತ್ತದೆ. ಬೆಳಗ್ಗೆ ಪೆಟ್ಟಿಗೆಯ ಎದುರು ಸತ್ತ ನೊಣಗಳನ್ನು ಅವನ ತಾಯಿ ಹಿಡಿಸೂಡಿಯಲ್ಲಿ ಗುಡಿಸಿದರಂತೆ. ಹುಡುಗನ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಗಾಜು ಮತ್ತು ಗಂಜಿ

ಆ ಸಂಜೆ ಮನೆಯ ಹಿಂದಿನ ಕಣಿಯಿಂದ ನಾಲ್ಕು ಸಿಂಬಳದ ಹುಳು ಹಿಡಿದೆ. ಒಂದು ಗಾಜಿನ ಹಲಗೆಗೆ ತೆಳ್ಳಗೆ ಅಕ್ಕಿ ಗಂಜಿ ಸವರಿ, ಒಣಗಿಸಿ, ಅದರ ಮೇಲೆ ಬಿಟ್ಟೆ. ಗಾಜನ್ನು ಎತ್ತಿ ಹಿಡಿದು ಅಡಿಯಿಂದ ಮಸೂರದಲ್ಲಿ ನೋಡಿದೆ. ಬಾಯಿ ತೆರೆಯಿತು, ಒಳಗಿನಿಂದ ಒಂದು ನಾಲಗೆ ಹೊರಬಂತು, ಗಂಜಿಯನ್ನು ಕೆರೆದು ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಕೆರೆಯಿತು. ಹುಳು ಮುಂದೆ ಸರಿದ ದಾರಿಯಲ್ಲಿ ಗಂಜಿ ಹೋಗಿ ಅಂಕುಡೊಂಕು ಪಟ್ಟೆಗಳು ಉಳಿದವು. ಹೀರುವುದೂ ಇಲ್ಲ, ಚುಚ್ಚುವುದೂ ಇಲ್ಲ. ನಮ್ಮ ಹೆಂಗಸರು ಹೆರೆಮಣೆಯಲ್ಲಿ ತೆಂಗಿನಕಾಯಿ ಹೆರೆದ ಹಾಗೆಯೇ.

ಈ ನಾಲಗೆಗೆ ರಾಡುಲಾ ಎಂದು ಹೆಸರು. ಬಡಗಿಯ ಅರ ನೋಡಿದ್ದೀರಲ್ಲ, ಗರಗಸದ ಹಲ್ಲು ಮಸೆಯುವುದು? ಅಂಥದ್ದೊಂದನ್ನು ರಿಬ್ಬನ್ನಿನಷ್ಟು ಮೆತ್ತಗೆ ಮಾಡಿ ಬಾಯಿಯೊಳಗೆ ಸುತ್ತಿಟ್ಟಿದ್ದಾರೆ ಎಂದುಕೊಳ್ಳಿ. ಅದರ ಮೇಲೆ ಸಾಲು ಸಾಲಾಗಿ ಸಾವಿರಾರು ಸೂಕ್ಷ್ಮ ಹಲ್ಲುಗಳು. ಮುಂದಿನ ಸಾಲು ಸವೆದು ಉದುರಿದಂತೆ ಹಿಂದಿನಿಂದ ಹೊಸ ಸಾಲು ಬೆಳೆದು ಮುಂದೆ ಬರುತ್ತದೆ. ಐವತ್ತು ದಾಟಿ ಎರಡು ಹಲ್ಲು ಕೀಳಿಸಿಕೊಂಡ ನನ್ನಂಥವರಿಗೆ ಹೊಟ್ಟೆಕಿಚ್ಚು ಬರುವ ಏರ್ಪಾಡು!

ಕೆರೆದದ್ದು ಅನ್ನನಾಳ ದಾಟಿ ಅನ್ನಚೀಲಕ್ಕೆ ಹೋಗುತ್ತದೆ. ಸೊಪ್ಪುಸದೆ ತಿನ್ನುವ ಪ್ರಾಣಿಗೆ ದೊಡ್ಡ ಚೀಲ ಬೇಕು, ದನದ ಹೊಟ್ಟೆಯ ಹಾಗೆ. ಎಲೆಯ ಕೋಶಭಿತ್ತಿ ಸುಲಭದಲ್ಲಿ ಕರಗುವ ವಸ್ತುವಲ್ಲ. ಅದಕ್ಕಾಗಿ ಇವುಗಳ ಜೀರ್ಣರಸ ಬಲು ಚುರುಕು. ಎಷ್ಟು ಚುರುಕೆಂದರೆ ಯೀಸ್ಟಿನ ಗಟ್ಟಿ ಕೋಶಭಿತ್ತಿಯನ್ನು ಕರಗಿಸಬೇಕಾದಾಗ ಪ್ರಯೋಗಾಲಯಗಳಲ್ಲಿ ಬಸವನಹುಳುವಿನ ಹೊಟ್ಟೆಯ ರಸವನ್ನೇ ಬಳಸಿದ್ದುಂಟು.

ಅಂದಿನಿಂದ ನನಗೆ ಹುಳುಗಳ ಹೊಟ್ಟೆಯ ಹುಚ್ಚು ಹಿಡಿಯಿತು. ಹೊಟ್ಟೆ ನೋಡಿದರೆ ಊಟ ತಿಳಿಯುತ್ತದೆ, ಊಟ ತಿಳಿದರೆ ಹೊಟ್ಟೆ ಹೇಗಿರಬೇಕೆಂದು ಊಹಿಸಬಹುದು. ಇದನ್ನು ಅತ್ಯಂತ ಚೆನ್ನಾಗಿ ತೋರಿಸಿಕೊಡುವ ಪ್ರಾಣಿಗಳು ಮಾತ್ರ ನಮ್ಮ ತೋಟದಲ್ಲಿಲ್ಲ, ಕಡಲಿನಲ್ಲಿವೆ.

ಸೋಮೇಶ್ವರದ ಬಂಡೆಯಲ್ಲಿ

ಕಡಬದ ಕಡೆಯ ಮಳೆನೀರು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ, ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಸುಳ್ಯದ ಪಯಸ್ವಿನಿ ಕಾಸರಗೋಡಿಗೆ ಹೋಗಿ ಚಂದ್ರಗಿರಿ ಎನಿಸಿಕೊಂಡು ಕಡಲು ಸೇರುತ್ತದೆ. ಆದರೂ ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆಗ ಕಡಲನ್ನೇ ನೋಡಿದವರಲ್ಲ. ಮುಂದಿನ ಜನವರಿಯಲ್ಲಿ ಬಸ್ಸು ಮಾಡಿಕೊಂಡು ಉಳ್ಳಾಲದ ಹತ್ತಿರದ ಸೋಮೇಶ್ವರಕ್ಕೆ ಹೋದೆವು. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳಲ್ಲಿ ಏಡಿ, ಚಿಪ್ಪು, ಕಡಲ ಹೂ, ಪಾಚಿ ಎಲ್ಲವನ್ನೂ ನೋಡಬಹುದು. ಜೇನು ಕಳೆದುಕೊಂಡ ಹುಡುಗನೂ ಬಂದಿದ್ದ. ಪಾಚಿಯ ನಡುವಿನಿಂದ ಅವನೇ ಕೂಗಿದ: “ಸರ್, ಇಲ್ಲೊಂದು ಎಲೆ ನಡೆಯುತ್ತಾ ಉಂಟು!”

ಬೆರಳುಗುರಿನಷ್ಟು ಗಾತ್ರ, ಅಪ್ಪಟ ಹಸಿರು, ಮುಂದೆ ಎರಡು ಕೊಂಬು. ಕಡಲ ಸಿಂಬಳದ ಹುಳು. ಅದರ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಈ ನೆಂಟರ ಪರಿಚಯ ಆಗಲಿ.

ಕಡಲ ಸಿಂಬಳದ ಹುಳುಗಳೂ ಬಸವನಹುಳುವಿನ ಬಳಗವೇ. ಬೆಳೆಯುತ್ತ ಚಿಪ್ಪನ್ನು ಬಿಟ್ಟುಕೊಟ್ಟವು. ನಮ್ಮ ತೋಟದವುಗಳು ಬೇರೆ ದಾರಿಯಲ್ಲಿ, ತಮ್ಮ ಪಾಡಿಗೆ ತಾವು ಚಿಪ್ಪು ಕಳೆದುಕೊಂಡವು. ಹಾಗಾಗಿ ಒಡಹುಟ್ಟಿದವರಲ್ಲ, ದೂರದ ನೆಂಟರು. ಸುರುಳಿ ಚಿಪ್ಪಿನೊಳಗೆ ಬದುಕುವ ಬಸವನಹುಳುವಿನ ಕರುಳು ಒಂದು ಸುತ್ತು ತಿರುಗಿ ಹೊರದಾರಿ ತಲೆಯ ಬಳಿಗೇ ಬಂದಿರುತ್ತದೆ. ಕಡಲಿನ ಬತ್ತಲೆ ಹುಳುಗಳಲ್ಲಿ ಆ ತಿರುಚು ಬಿಚ್ಚಿಕೊಂಡಿದೆ. ಹಲವು ಜಾತಿಗಳಲ್ಲಿ ಹೊರದಾರಿ ಬೆನ್ನ ಹಿಂಭಾಗದಲ್ಲಿದ್ದು ಅದರ ಸುತ್ತ ಕಿವಿರುಗಳು ಹೂವಿನಂತೆ ಅರಳಿರುತ್ತವೆ. ಬರಿಯ ಕಿವಿರಿನ ಈ ಗುಂಪಿನಲ್ಲೇ ಸುಮಾರು 3000 ಜಾತಿಗಳಿವೆ.

ಚಿಪ್ಪು ಹೋದ ಮೇಲೆ ಮೈಗೆ ರಕ್ಷಣೆ ಏನು? ಇಲ್ಲೇ ಹೊಟ್ಟೆಯ ಕಥೆ ಶುರುವಾಗುವುದು. ಇವು ಊಟದಿಂದಲೇ ಆಯುಧ ಸಂಪಾದಿಸುತ್ತವೆ.

ಒಂದು ಬಳಗ ಸ್ಪಂಜು ತಿನ್ನುತ್ತದೆ. ಸ್ಪಂಜಿನ ಮೈತುಂಬ ಗಾಜಿನ ಚೂರಿನಂಥ ಮುಳ್ಳು, ಜೊತೆಗೆ ವಿಷ. ಬೇರೆಯವರು ಬಾಯಿ ಹಾಕುವುದು ಕಡಿಮೆ. ಈ ಹುಳುಗಳ ನಾಲಗೆ ಅಗಲ, ಒಂದೊಂದು ಸಾಲಿನಲ್ಲೂ ಹತ್ತಾರು ಹಲ್ಲು, ಹೆರೆಮಣೆಗೆ ಸರಿಸಾಟಿ. ಪಚನಗ್ರಂಥಿ ಒಂದೇ ಗಟ್ಟಿ ಮುದ್ದೆ. ಸ್ಪಂಜಿನ ವಿಷವನ್ನು ಎಷ್ಟೋ ಜಾತಿಗಳು ಹೊರಹಾಕದೆ ಚರ್ಮದಲ್ಲಿ ಶೇಖರಿಸುತ್ತವೆ. ಮೈಬಣ್ಣ ಮದುವೆ ಮನೆಯ ಸೀರೆಯಂತೆ ಢಾಳಾಗಿರುವುದು ಚಂದಕ್ಕಲ್ಲ. ನನ್ನನ್ನು ಮುಟ್ಟಬೇಡ ಎಂದು ಮೀನಿಗೆ ಹಾಕಿದ ಬೋರ್ಡು ಅದು. ಇದೇ ಬಳಗದ ಕೆಲವಕ್ಕೆ ಹಲ್ಲಿನ ನಾಲಗೆಯೇ ಇಲ್ಲ. ಸ್ಪಂಜಿನ ಮೇಲೆ ಜೀರ್ಣರಸ ಬಿಟ್ಟು, ಅದು ಗಂಜಿಯಾದ ಮೇಲೆ ಹೀರಿಕೊಳ್ಳುತ್ತವೆ.

ಇನ್ನೊಂದು ಬಳಗದ್ದು ಇನ್ನೂ ಧೈರ್ಯದ ಊಟ. ಇವು ತಿನ್ನುವುದು ಕುಟುಕುವ ಪ್ರಾಣಿಗಳನ್ನು, ಅಂದರೆ ಕಡಲ ಹೂ ಮತ್ತು ಅಂಬಲಿ ಮೀನಿನ ಬಂಧುಗಳನ್ನು. ಆ ಪ್ರಾಣಿಗಳ ಮೈಯಲ್ಲಿ ಸೂಕ್ಷ್ಮ ಕುಟುಕು ಕಣಗಳಿರುತ್ತವೆ. ತಗುಲಿದೊಡನೆ ಈಟಿಯಂತೆ ಸಿಡಿಯುತ್ತವೆ. ಹುಳುವಿನ ಬಾಯಿಯೊಳಗೆ ಗಟ್ಟಿ ಪದರ, ಹೊಟ್ಟೆಯ ಒಳಗೋಡೆಗೆ ಲೋಳೆಯ ಕವಚ. ಹಲ್ಲು ಸಾಲಿಗೆ ಒಂದೋ ಮೂರೋ ಅಷ್ಟೆ. ಮೆತ್ತನೆಯ ಮಾಂಸ ಹರಿಯಲು ಅಷ್ಟು ಸಾಕು. ಸೋಜಿಗ ಇರುವುದು ಪಚನಗ್ರಂಥಿಯಲ್ಲಿ. ಇಲ್ಲಿ ಅದು ಮುದ್ದೆಯಾಗಿಲ್ಲ, ಕೊಂಬೆಕೊಂಬೆಯಾಗಿ ಒಡೆದು ಬೆನ್ನ ಮೇಲಿನ ಬೆರಳಿನಂಥ ಚಾಚುಗಳೊಳಗೆ ಹೋಗಿದೆ. ಇನ್ನೂ ಸಿಡಿಯದ ಕಣಗಳು ಕರಗದೆ ಆ ಕೊಂಬೆಗಳಲ್ಲಿ ಸಾಗಿ ತುದಿಯ ಚೀಲಗಳಲ್ಲಿ ಜಮೆಯಾಗುತ್ತವೆ. ಮೀನೊಂದು ಬೆನ್ನಿಗೆ ಬಾಯಿ ಹಾಕಿದರೆ, ಊಟದಲ್ಲಿ ಸಿಕ್ಕಿದ ಈಟಿಯಿಂದ ಅದಕ್ಕೆ ತಿವಿತ. ಪೊಲೀಸನ ಲಾಠಿ ಕಸಿದು ಅವನಿಗೇ ಬೀಸಿದಂತೆ!

ಈ ಬಳಗದ ನೀಲಿ ಸುಂದರಿ ಗ್ಲಾಕಸ್. ಹೊಟ್ಟೆಯೊಳಗೆ ಗಾಳಿ ನುಂಗಿಕೊಂಡು ಅಂಗಾತ ತೇಲುತ್ತದೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಗೆ ಬಂದು ಬೀಳುವ, ನೀಲಿ ಬಲೂನಿನಂಥ ಫೈಸಾಲಿಯಾ ಇದರ ಆಹಾರ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಬಳಿಕ ಚೆನ್ನೈಯ ಬೆಸೆಂಟ್ ನಗರದ ದಂಡೆಗೆ ಗ್ಲಾಕಸ್‌ಗಳು ಬಂದು ಬಿದ್ದಿದ್ದವು. ಚಂದ ಕಂಡಿತೆಂದು ಮಕ್ಕಳು ಕೈಗೆತ್ತಿಕೊಂಡರೆ ಕಷ್ಟ. ಸೆಕೆಂಡ್‌ಹ್ಯಾಂಡ್ ಈಟಿಯಾದರೂ ಚುಚ್ಚುವುದರಲ್ಲಿ ಕಡಿಮೆ ಇಲ್ಲ.

ಮೂರನೆಯದು ಅಗಿಯದೆ ನುಂಗುವವರ ಬಳಗ. ಮರಳಿನೊಳಗೆ ಬದುಕುವ ಕೆಲವು ಕಡಲ ಹುಳುಗಳು ಮರುವಾಯಿಯಂಥ ಎಳೆಯ ಚಿಪ್ಪುಜೀವಿಗಳನ್ನು ಇಡಿಯಾಗಿ ನುಂಗುತ್ತವೆ. ಒಡೆಯುವ ಕೆಲಸ ಹೊಟ್ಟೆಯೊಳಗೆ. ಅಲ್ಲಿ ಸುಣ್ಣದ ಮೂರು ಗಟ್ಟಿ ಫಲಕಗಳಿವೆ. ಸುತ್ತಲಿನ ಸ್ನಾಯು ಹಿಂಡಿದಾಗ ಅವು ಅಡಕತ್ತರಿಯಂತೆ ಕೆಲಸ ಮಾಡುತ್ತವೆ. ಕೋಳಿಯ ಹೊಟ್ಟೆಯೊಳಗಿನ ಅರೆಯುವ ಚೀಲ ಮತ್ತು ಕಲ್ಲುಹರಳನ್ನು ನೆನಪಿಸಿಕೊಳ್ಳಿ. ಪಾಚಿ ಮೇಯುವ ಕಡಲ ಮೊಲದಲ್ಲೂ ಇಂಥದೇ ಏರ್ಪಾಡು. ಮೊದಲು ದೊಡ್ಡ ಅನ್ನಚೀಲ, ಮುಂದೆ ಹಲ್ಲಿನಂಥ ಫಲಕಗಳಿರುವ ಅರೆಯುವ ಕೋಣೆ, ಅದರ ಮುಂದೆ ಸಣ್ಣ ಹಲ್ಲುಗಳ ಜರಡಿ. ನಮ್ಮ ಅಡಿಗೆ ಮನೆಯ ಬುಟ್ಟಿ, ಅರೆಯುವ ಕಲ್ಲು, ಸೋಸುವ ಬಟ್ಟೆ ಮೂರೂ ಒಂದೇ ಸಾಲಿನಲ್ಲಿ.

ನನ್ನ ತಪ್ಪು ಉತ್ತರ ಸರಿಯಾಗುವ ಜಾಗ

ಈಗ ಸೋಮೇಶ್ವರದ ಹಸಿರು ಎಲೆಗೆ ಬರೋಣ. ಆ ಬಳಗದ ಹುಳುಗಳಿಗೆ ಸಾಲಿಗೆ ಒಂದೇ ಹಲ್ಲು, ಸೂಜಿಯಂಥದ್ದು. ಪಾಚಿಯ ಕೋಶವೊಂದನ್ನು ಅದರಿಂದ ಚುಚ್ಚಿ, ಒಳಗಿನ ರಸವನ್ನು ಹೀರಿಕೊಳ್ಳುತ್ತವೆ. ಹೌದು, ಹೀರುತ್ತವೆ! ಎಂಟನೇ ತರಗತಿಯಲ್ಲಿ ನಾನು ಬಾಯಿಗೆ ಬಂದಂತೆ ಹೇಳಿದ ಮಾತು ಅಡಿಕೆ ಮರದ ಮೇಲೆ ಸುಳ್ಳು, ಕಡಲ ಬಂಡೆಯ ಮೇಲೆ ನಿಜ. ಸವೆದ ಹಲ್ಲುಗಳನ್ನು ಇವು ಉಗುಳುವುದೂ ಇಲ್ಲ, ಮೈಯೊಳಗೇ ಒಂದು ಪುಟ್ಟ ಚೀಲದಲ್ಲಿ ಇಟ್ಟುಕೊಳ್ಳುತ್ತವೆ.

ಹೀರಿದ ರಸದಲ್ಲಿ ಪತ್ರಹರಿತ್ತಿನ ಕಣಗಳೂ ಬರುತ್ತವೆ. ಬಿಸಿಲಿನಲ್ಲಿ ಸಕ್ಕರೆ ಮಾಡುವ ಕಣಗಳು. ಹಲವು ಜಾತಿಗಳು ಅವನ್ನು ಕರಗಿಸದೆ ಪಚನಗ್ರಂಥಿಯ ಕೋಶಗಳಲ್ಲಿ ಉಳಿಸಿಕೊಳ್ಳುತ್ತವೆ. ಆ ಗ್ರಂಥಿ ಎಲೆಯ ನರಗಳಂತೆ ಮೈಯಿಡೀ ಕವಲೊಡೆದಿದೆ. ಹುಳು ಹಸಿರಾಗಿ ಕಾಣುವುದು ಅದಕ್ಕೇ. ಅಮೆರಿಕದ ಪೂರ್ವ ಕರಾವಳಿಯ ಎಲೀಸಿಯಾ ಕ್ಲೊರೋಟಿಕಾ ಎಂಬುದು ಎಳವೆಯಲ್ಲಿ ಪಾಚಿ ಉಂಡು, ಆಮೇಲೆ ಬೆಳಕಿನಲ್ಲಿ ಇಟ್ಟರೆ ಒಂಬತ್ತು ಹತ್ತು ತಿಂಗಳು ಬೇರೆ ಊಟವಿಲ್ಲದೆ ಬದುಕಬಲ್ಲದು.

ಬಿಸಿಲು ಕಾಯಿಸಿ ಹೊಟ್ಟೆ ತುಂಬಿಸಿಕೊಳ್ಳುವ ಪ್ರಾಣಿ ಎಂದು ಪತ್ರಿಕೆಗಳಲ್ಲಿ ಬಂತು, ನಾನೂ ಮಕ್ಕಳಿಗೆ ಹೇಳಿದೆ. ವಿಜ್ಞಾನಿಗಳು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಪಾಚಿಯ ಜೀನು ಹುಳುವಿಗೆ ದಾಟಿದೆ ಎಂದು 2008ರಲ್ಲಿ ಒಂದು ತಂಡ ಹೇಳಿತು. 2013ರಲ್ಲಿ ಹುಳುವಿನ ಮೊಟ್ಟೆಯ ಡಿಎನ್‌ಎ ಹುಡುಕಿದಾಗ ಅಂಥದ್ದೇನೂ ಸಿಗಲಿಲ್ಲ. ಕೆಲವು ಜಾತಿಗಳನ್ನು ಕತ್ತಲೆಯಲ್ಲಿಟ್ಟು ನೋಡಿದ ಜರ್ಮನಿಯವರ ವರದಿ ಬಂತು: ಕತ್ತಲಲ್ಲೂ ಅವು ತಿಂಗಳುಗಟ್ಟಲೆ ಬದುಕಿದವು. ಹಾಗಾದರೆ ಆ ಕಣಗಳು ಅಡಿಗೆ ಮನೆಯೋ, ಅಟ್ಟದ ಮೇಲಿಟ್ಟ ಅಕ್ಕಿ ಮುಡಿಯೋ? ಹಾರ್ವರ್ಡಿನ ತಂಡವೊಂದು 2025ರಲ್ಲಿ ತೋರಿಸಿದ ಪ್ರಕಾರ ಹುಳು ಈ ಕಣಗಳನ್ನು ತನ್ನದೇ ಪೊರೆಯ ಪುಟ್ಟ ಚೀಲಗಳಲ್ಲಿ ಜೋಪಾನ ಮಾಡುತ್ತದೆ. ಹಸಿವೆ ವಿಪರೀತವಾದರೆ ಅವನ್ನೇ ಜೀರ್ಣಿಸಿಕೊಳ್ಳುತ್ತದೆ. ಆಗ ಹಸಿರು ಮೈ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಡಿಗೆ ಮನೆಯೂ ಹೌದು, ಮುಡಿಯೂ ಹೌದು.

ಇದೇ ಬಳಗದ್ದೊಂದು ಇನ್ನೂ ಮುಂದೆ ಹೋಗಿದೆ. ಜಪಾನಿನ ನಾರಾ ಮಹಿಳಾ ವಿಶ್ವವಿದ್ಯಾಲಯದ ಇಬ್ಬರು 2021ರಲ್ಲಿ ಪ್ರಕಟಿಸಿದ ಸಂಗತಿ: ಹುಳು ತನ್ನ ಕತ್ತನ್ನು ತಾನೇ ಕಳಚಿಕೊಂಡು ತಲೆ ಮಾತ್ರ ನಡೆದುಹೋಗುತ್ತದೆ. ಹೃದಯವೂ ಸೇರಿ ಹಳೆಯ ಮೈ ಹಿಂದೆ ಉಳಿಯುತ್ತದೆ. ಕೆಲವು ಗಂಟೆಗಳಲ್ಲೇ ಎಳೆಯ ತಲೆಗಳು ಪಾಚಿ ತಿನ್ನತೊಡಗುತ್ತವೆ, ಸುಮಾರು ಮೂರು ವಾರದಲ್ಲಿ ಹೊಸ ಮೈ ಬರುತ್ತದೆ.

ಇದರಿಂದ ಮನುಷ್ಯರಿಗೇನು ಎಂದು ಕೇಳುವವರಿಗೂ ಉತ್ತರವಿದೆ. 1972ರಲ್ಲಿ ಹಿಂದೂ ಮಹಾಸಾಗರದ ಮಾರಿಷಸ್ಸಿನಲ್ಲಿ ಹಿಡಿದ ಕಡಲ ಮೊಲವೊಂದರ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಕಂಡಿತು. ಕ್ವಿಂಟಾಲುಗಟ್ಟಲೆ ಪ್ರಾಣಿಯಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಅಮೆರಿಕದ ಜಾರ್ಜ್ ಪೆಟಿಟ್ ಅವರ ತಂಡ 1987ರಲ್ಲಿ ಅದರ ರಚನೆ ಬಿಡಿಸಿ ಡೋಲಾಸ್ಟಾಟಿನ್ 10 ಎಂದು ಕರೆಯಿತು. 2001ರಲ್ಲಿ ಗೊತ್ತಾದ ವಿಷಯವೇನೆಂದರೆ, ಅದನ್ನು ತಯಾರಿಸುವುದು ಕಡಲ ಮೊಲವಲ್ಲ, ಅದು ಮೇಯುವ ನೀಲಿಹಸಿರು ಪಾಚಿ! ಊಟದಲ್ಲಿದ್ದದ್ದು ಮೈಯಲ್ಲಿ ಸೇರಿಕೊಂಡಿತ್ತು. ಅದರ ಮಾದರಿಯಲ್ಲಿ ಕೃತಕವಾಗಿ ಮಾಡಿದ ವಸ್ತುವನ್ನು ಸೇರಿಸಿದ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ಇಂದು ಅದನ್ನು ಕೊಡುತ್ತಾರೆ.

ಮತ್ತೆ ತೋಟಕ್ಕೆ

ನಮ್ಮ ತೋಟದಲ್ಲೂ ಹೊಟ್ಟೆ ತಿಳಿಯದೆ ಮದ್ದು ಹೊಡೆದರೆ ನಷ್ಟ. ಕೀಟಕ್ಕೆ ಮಾಡಿದ ಎಷ್ಟೋ ವಿಷಗಳು ಸಿಂಬಳದ ಹುಳುವಿಗೆ ನಾಟುವುದೇ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸೋಯಾ ಹೊಲಗಳಲ್ಲಿ ಮಾಡಿದ, 2015ರಲ್ಲಿ ಅಚ್ಚಾದ ಅಧ್ಯಯನ ಇದನ್ನೇ ಹೇಳುತ್ತದೆ. ಬೀಜಕ್ಕೆ ಹಚ್ಚಿದ ಕೀಟನಾಶಕದಿಂದ ಸಿಂಬಳದ ಹುಳುಗಳಿಗೆ ಏನೂ ಆಗಲಿಲ್ಲ. ಅವನ್ನು ತಿಂದ ಜೀರುಂಡೆಗಳು ಸತ್ತವು ಅಥವಾ ಕೈಕಾಲು ಬಿದ್ದುಹೋದವು. ಹಿಡಿದು ತಿನ್ನುವವರು ಕಡಿಮೆಯಾಗಿ ಹುಳುಗಳೇ ಹೆಚ್ಚಾದವು. ಓದಿದಾಗ ನನಗೆ ಆ ಎರಡು ಜೇನುಪೆಟ್ಟಿಗೆ ನೆನಪಾಯಿತು.

ಕೆರೆದು ತಿನ್ನುವ ಪ್ರಾಣಿಗೆ ತಿನ್ನಿಸಿಯೇ ಕೊಲ್ಲುವ ಆಮಿಷಗಳಿವೆ. ಅದರಲ್ಲಿ ಮೆಟಾಲ್ಡಿಹೈಡ್ ಕಾಳುಗಳನ್ನು ನಾಯಿ, ದನ ತಿಂದರೆ ಅವುಗಳ ಜೀವಕ್ಕೂ ಅಪಾಯ. ಬ್ರಿಟನ್ನಿನಲ್ಲಿ 2022ರಿಂದ ಹೊರಾಂಗಣದಲ್ಲಿ ಅದರ ಬಳಕೆ ನಿಷೇಧಿಸಿದ್ದಾರೆ. ಕಬ್ಬಿಣದ ಫಾಸ್ಫೇಟಿನ ಆಮಿಷ ಹುಳುವಿನ ಅನ್ನಚೀಲವನ್ನೂ ಪಚನಗ್ರಂಥಿಯನ್ನೂ ಕೆಡಿಸಿ ಊಟವನ್ನೇ ನಿಲ್ಲಿಸುತ್ತದೆ, ಸಾಕುಪ್ರಾಣಿಗಳಿಗೆ ಅಷ್ಟು ಭಯವಿಲ್ಲ. ಇವೆಲ್ಲಕ್ಕಿಂತ ಮೊದಲು ಕೈಯಲ್ಲಾಗುವ ಕೆಲಸವಿದೆ. ಸಂಜೆ ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯಿ ಎಲೆ ಹಾಕಿಟ್ಟರೆ ಬೆಳಗ್ಗೆ ಅಲ್ಲಿ ಸೇರಿಕೊಂಡಿರುತ್ತವೆ. ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕಬಹುದು. ಉಪ್ಪನ್ನು ಮರದ ಬುಡಕ್ಕೆ ಎರಚಬೇಡಿ, ಬೇರಿಗೆ ಕೇಡು. ಬರಿಗೈಯಲ್ಲಿ ಮುಟ್ಟಲೂ ಬೇಡಿ. ಇಲಿಯಿಂದ ಬರುವ, ಮೆದುಳಿಗೆ ಹೋಗುವ ಒಂದು ಜಂತು ಇವುಗಳ ಮೈಯಲ್ಲಿರಬಹುದು. ಹೆಚ್ಚಿನ ಸಲಹೆ ಬೇಕಿದ್ದರೆ ವಿಟ್ಲದಲ್ಲೂ ಕಡಬ ತಾಲೂಕಿನ ಕಿದುವಿನಲ್ಲೂ ಸಿಪಿಸಿಆರ್‌ಐ ಕೇಂದ್ರಗಳಿವೆ.

1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್ಸಿನಿಂದ ಕೊಲ್ಕತ್ತಾಕ್ಕೆ ತಂದ ಆಫ್ರಿಕದ ದೈತ್ಯ ಬಸವನಹುಳು ಇಂದು ದೇಶದ ಎಷ್ಟೋ ಕಡೆ ಉಪದ್ರವ ಕೊಡುತ್ತಿದೆ. ಅದರ ನಾಲಗೆಯೂ ಇದೇ ನಾಲಗೆ, ಗಾತ್ರ ದೊಡ್ಡದು. ಚಿಪ್ಪಿಗೆ ಸುಣ್ಣ ಬೇಕೆಂದು ಗೋಡೆಯನ್ನೂ ಕೆರೆಯುತ್ತದೆ.

ಆ ಹುಡುಗ ಈಗ ತಂದೆಯ ತೋಟ ನೋಡಿಕೊಳ್ಳುತ್ತಾನೆ. ಹಿಂಗಾರ ಬಿಡುವ ಕಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಒಂದು ಸುತ್ತು ಬರುತ್ತಾನೆ. ಜೇನುಪೆಟ್ಟಿಗೆ ಮತ್ತೆ ಇಟ್ಟಿದ್ದಾನೆ, ಈಗ ಆರು. ಕಳೆದ ನವೆಂಬರಿನಲ್ಲಿ ಅವನ ಮನೆಗೆ ಹೋಗಿದ್ದೆ. ಎರಡನೇ ತರಗತಿಯ ಮಗಳು ಗಾಜಿನ ತುಂಡು ಹಿಡಿದುಕೊಂಡು ಬಂದಳು. ಗಂಜಿಯ ಪ್ರಯೋಗವನ್ನು ಅಪ್ಪ ಕಲಿಸಿದ್ದಾನೆ.

“ಅಜ್ಜ, ಇದರ ಹಲ್ಲು ಒಂದು ಸಾಲು ಬೀಳಲಿಕ್ಕೆ ಎಷ್ಟು ದಿನ ಬೇಕು?”

ಅವಳ ಅಪ್ಪ ನನ್ನ ಮುಖ ನೋಡಿ ನಕ್ಕ. ನಾನು ಬಾಯಿಗೆ ಬಂದ ಸಂಖ್ಯೆಯನ್ನು ನುಂಗಿಕೊಂಡೆ. “ಗೊತ್ತಿಲ್ಲ ಮಗಾ, ನೋಡಿ ಹೇಳುತ್ತೇನೆ” ಎಂದೆ. ಒಳಗಿನಿಂದ ಅವಳ ಅಜ್ಜಿ, ಅಂದು ಸತ್ತ ನೊಣ ಗುಡಿಸಿದವರು, ಚಹಾದ ಜೊತೆ ಒಂದು ಕುಪ್ಪಿ ಜೇನು ತಂದು ನನ್ನ ಚೀಲದ ಪಕ್ಕದಲ್ಲಿಟ್ಟರು.